ಮುಳುಗುಗಾರರ ಪ್ರಾಣ ಕಾಯ್ದ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್

ಕಡಲಿನ ಆಳಕ್ಕೆ ಇಳಿಯುವವರಿಗೆ ಅಪಾಯ ಕಾದಿರುವುದು ಇಳಿಯುವಾಗ ಮಾತ್ರವಲ್ಲ, ಅವಸರದಿಂದ ಮೇಲೇರುವಾಗಲೂ ಹೌದು. ಸ್ಕೂಬಾ ಡೈವಿಂಗ್ ಕಲಿಯುವ ಪ್ರತಿಯೊಬ್ಬರಿಗೂ ಇಂದು ಬೋಧಿಸುವ ಈ ಪಾಠಕ್ಕೆ ಲೆಕ್ಕದ ಬುನಾದಿ ಹಾಕಿದವರು ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್.

1860ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದ ಅವರು, 1884ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದರು. ಮುಂದೆ ಆಕ್ಸ್‌ಫರ್ಡ್ ಅವರ ಕಾರ್ಯಕ್ಷೇತ್ರವಾಯಿತು. ಮನುಷ್ಯ ಉಸಿರಾಡುವ ಗಾಳಿಯೇ ಅವರ ಜೀವಮಾನದ ಅಧ್ಯಯನ. ಕಲ್ಲಿದ್ದಲು ಗಣಿಗಳ ಸ್ಫೋಟದಲ್ಲಿ ಹೆಚ್ಚಿನವರು ಸಾಯುವುದು ಬೆಂಕಿಯಿಂದಲ್ಲ, ಕಾರ್ಬನ್ ಮಾನಾಕ್ಸೈಡ್‌ನಿಂದ ಎಂದು 1896ರ ವರದಿಯಲ್ಲಿ ತೋರಿಸಿದರು. ವಿಷಾನಿಲವನ್ನು ಸ್ವತಃ ಉಸಿರಾಡಿ ಅದರ ಪರಿಣಾಮವನ್ನು ದಾಖಲಿಸಿದ ಸಾಹಸಿ ಅವರು.

ಆ ಕಾಲದ ಮುಳುಗುಗಾರರು ಲೋಹದ ಶಿರಸ್ತ್ರಾಣ ಧರಿಸಿ, ಮೇಲಿನಿಂದ ಪಂಪ್ ಮಾಡಿದ ಗಾಳಿಯನ್ನು ಉಸಿರಾಡುತ್ತಿದ್ದರು. ನೀರಿನಿಂದ ಹೊರಬಂದ ಬಳಿಕ ಹಲವರನ್ನು ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವೇ ಕಾಡುತ್ತಿತ್ತು. ಆಳದ ಒತ್ತಡದಲ್ಲಿ ದೇಹದೊಳಗೆ ಕರಗಿದ ನೈಟ್ರೋಜನ್, ಒತ್ತಡ ಹಠಾತ್ತನೆ ತಗ್ಗಿದಾಗ ಸೋಡಾ ಬಾಟಲಿ ತೆರೆದಂತೆ ಗುಳ್ಳೆಗಳಾಗಿ ಏಳುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಇದನ್ನು ವಿವರಿಸಿದ್ದರು. ಆದರೆ ಹೇಗೆ ಏರಿದರೆ ಸುರಕ್ಷಿತ ಎಂಬುದಕ್ಕೆ ಖಚಿತ ಲೆಕ್ಕವಿರಲಿಲ್ಲ.

ಬ್ರಿಟಿಷ್ ನೌಕಾಪಡೆಗಾಗಿ ಹಾಲ್ಡೇನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಒತ್ತಡ ಕೋಣೆಯಲ್ಲಿ ಆಡುಗಳ ಮೇಲೆ ಪ್ರಯೋಗಗಳು ನಡೆದವು. ಕಾಲುನೋವು ಬಂದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಅದೇ ಅಪಾಯದ ಸೂಚನೆ. 1906ರಲ್ಲಿ ಸ್ಕಾಟ್ಲೆಂಡಿನ ಸಮುದ್ರದಲ್ಲಿ ನೌಕಾಪಡೆಯ ಡೇಮಂಟ್ ಮತ್ತು ಕ್ಯಾಟೊ 210 ಅಡಿ ಆಳಕ್ಕಿಳಿದು ಸುರಕ್ಷಿತವಾಗಿ ಮರಳಿದರು. ಹಾಲ್ಡೇನರ 13 ವರ್ಷದ ಮಗನೂ ಆಗ ನೀರಿಗಿಳಿದಿದ್ದ.

ಹಂತ ಹಂತವಾಗಿ ತಂಗುತ್ತ ಮೇಲೇರಬೇಕೆಂಬ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. ಅವುಗಳಲ್ಲಿ ಹೇಳಿದ್ದ ಆರಂಭದ ವೇಗದ ಏರಿಕೆಯನ್ನು ನಂತರದ ವಿಜ್ಞಾನ ಕೈಬಿಟ್ಟಿದೆ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರದಿರುವುದು, 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ಇಂದಿನ ಸಾಮಾನ್ಯ ಕ್ರಮ. ಆದರೂ ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್‌ಗಳಲ್ಲಿ ಅನೇಕವು ಅನುಸರಿಸುವುದು ಹಾಲ್ಡೇನರ ಲೆಕ್ಕದಿಂದಲೇ ಬೆಳೆದುಬಂದ ಕ್ರಮವನ್ನು.

1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರು ಕೊನೆಯುಸಿರೆಳೆದರು. ಅಂದು ಸಮುದ್ರಕ್ಕಿಳಿದಿದ್ದ ಆ ಬಾಲಕನೇ ಮುಂದೆ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಎಂದು ಪ್ರಸಿದ್ಧರಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.