ಅಡುಗೆಮನೆಯಿಂದ ಕಂಡ ಮಲೆನಾಡು

ಸಾಗರ, ಹೊಸನಗರ, ತೀರ್ಥಹಳ್ಳಿ. ಅಕ್ಕಪಕ್ಕದ ಈ ಮೂರು ತಾಲ್ಲೂಕುಗಳು ಕನ್ನಡ ಕಾದಂಬರಿಗೆ ಕೊಟ್ಟದ್ದನ್ನು ಲೆಕ್ಕಹಾಕಿದರೆ ಅಚ್ಚರಿಯಾಗುತ್ತದೆ. ಕುಪ್ಪಳಿಯ ಕುವೆಂಪು ಕಾಡನ್ನೂ ಗೌಡರ ಮನೆತನಗಳ ಬದುಕನ್ನೂ ಬರೆದರು. ಮೇಳಿಗೆಯ ಯು.ಆರ್. ಅನಂತಮೂರ್ತಿ ಅಗ್ರಹಾರದ ಧರ್ಮಸಂಕಟವನ್ನು ಬರೆದರು. ಸಾಗರದ ನಾ. ಡಿಸೋಜ ಅವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದ ಕಥೆಯನ್ನು ಬರೆದರು. ಈ ಪಟ್ಟಿಯನ್ನು ಒಪ್ಪಿಸುವಾಗ ನಮ್ಮ ವಿಮರ್ಶಕರು ಸಾಮಾನ್ಯವಾಗಿ ಬಿಟ್ಟುಬಿಡುವ, ಇಲ್ಲವೇ ಕೊನೆಯಲ್ಲಿ ಸೌಜನ್ಯಕ್ಕೆಂದು ಸೇರಿಸುವ ಹೆಸರೊಂದಿದೆ. ಅದು ಎಂ.ಕೆ. ಇಂದಿರಾ ಅವರದು.

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ತರೀಕೆರೆ ಸೂರ್ಯನಾರಾಯಣರಾವ್, ತಾಯಿ ಬನಶಂಕರಮ್ಮ. ಹನ್ನೆರಡನೆಯ ವಯಸ್ಸಿಗೇ ಮದುವೆಯಾಯಿತು. ಅಲ್ಲಿಗೆ ಶಾಲೆಯ ಓದೂ ಮುಗಿಯಿತು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಅಂಗೀಕಾರವಾದದ್ದು 1929ರಲ್ಲಿ, ಅಂದರೆ ಈ ಮದುವೆಯ ಆಸುಪಾಸಿನಲ್ಲಿಯೇ. ಮೈಸೂರು ಸಂಸ್ಥಾನ ಅದರ ವ್ಯಾಪ್ತಿಗೆ ಸೇರಿರಲಿಲ್ಲ. ಪತಿ ಮಂಡಗದ್ದೆಯ ಕೃಷ್ಣರಾವ್. ಲೇಖಕಿಯ ಹೆಸರಿನ ಮೊದಲಿರುವ ಎರಡು ಅಕ್ಷರಗಳು ಗಂಡನ ಊರು ಮತ್ತು ಹೆಸರಿನವು.

ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಆಕೆ ಗೃಹಿಣಿ. ಕನ್ನಡ ಕಾವ್ಯವನ್ನು ಓದಿಕೊಂಡರು, ಹಿಂದಿ ಸಾಹಿತ್ಯದ ಪರಿಚಯ ಮಾಡಿಕೊಂಡರು. ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತಾರು ವರ್ಷ. ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರಾದ ತ್ರಿವೇಣಿ ತಮ್ಮ ಬರವಣಿಗೆಯನ್ನೆಲ್ಲ ಮುಗಿಸಿ ತೀರಿಕೊಂಡದ್ದೂ ಅದೇ ವರ್ಷ. ಒಬ್ಬರ ಪಾಲಿಗೆ ಎಲ್ಲವೂ ಮುಗಿದ ವರ್ಷದಲ್ಲಿ ಇನ್ನೊಬ್ಬರು ಆರಂಭಿಸಿದರು. ಆ ಮೊದಲ ಪುಸ್ತಕಕ್ಕೇ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಬಳಿಕ 'ಸದಾನಂದ', 'ನವರತ್ನ', 'ಫಣಿಯಮ್ಮ' ಕೃತಿಗಳಿಗೂ ಬಹುಮಾನ ಸಂದಿತು. ಕಾದಂಬರಿಗಳ ಸಂಖ್ಯೆ ಐವತ್ತರ ಸಮೀಪಕ್ಕೆ ಬೆಳೆಯಿತು.

ಇಷ್ಟು ಬರೆದವರ ಕೃತಿಗಳೆಲ್ಲ ಒಂದೇ ತೂಕದವಾಗಿರಲು ಸಾಧ್ಯವಿಲ್ಲ. ಕೆಲವು ಕಾದಂಬರಿಗಳಲ್ಲಿ ಅವಸರವಿದೆ, ಕಥೆಯನ್ನು ದಡ ಮುಟ್ಟಿಸುವ ಆತುರವಿದೆ. ಇದನ್ನು ಒಪ್ಪಿಕೊಂಡೇ ನಾನು ಹೇಳಬಯಸುವುದೆಂದರೆ, ಜನಪ್ರಿಯ ಮಹಿಳಾ ಕಾದಂಬರಿಗಾರ್ತಿ ಎಂಬ ಹಣೆಪಟ್ಟಿಯಿಂದ ಅವರಿಗೆ ನ್ಯಾಯ ಸಂದಿಲ್ಲ.

1966ರ 'ಗೆಜ್ಜೆಪೂಜೆ'ಯನ್ನು ನೋಡಿ. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿ, ಎಲ್ಲರಂತೆ ಮದುವೆಯಾಗಿ ಬಾಳಬೇಕೆಂದು ಬಯಸುವ ಹುಡುಗಿಯ ಕಥೆ ಅದು. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಲನಚಿತ್ರವಾಗಿಸಿದರು. ನಾಯಕಿಯಾಗಿ ನಟಿಸಿದ ಕಲ್ಪನಾ ಮನೆಮಾತಾದರು. ಈ ಕಥೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಜಪಾನಿನ ಕಾದಂಬರಿಗಾರ್ತಿ ಹಿಗುಚಿ ಇಚಿಯೊ ನೆನಪಾಗುತ್ತಾರೆ. ಆಕೆಯ ಓದು ಹನ್ನೊಂದನೆಯ ವಯಸ್ಸಿಗೇ ನಿಂತಿತ್ತು. ಟೋಕಿಯೊದ ವೇಶ್ಯಾವಾಟಿಕೆಯ ಪಕ್ಕದ ಬೀದಿಯಲ್ಲಿ ಬೆಳೆಯುವ, ಅಕ್ಕನ ದಾರಿಯನ್ನೇ ಹಿಡಿಯಬೇಕಾಗಿರುವ ಬಾಲೆಯೊಬ್ಬಳ ಕಥೆಯನ್ನು 'ತಾಕೆಕುರಾಬೆ'ಯಲ್ಲಿ ಬರೆದರು. 1896ರಲ್ಲಿ, ಕೇವಲ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡರು. ಇಬ್ಬರೂ ಹೆಚ್ಚು ಓದಿದವರಲ್ಲ. ಇಬ್ಬರೂ ಗಂಡಸರ ಸಾಹಿತ್ಯವು ಮೋಹದಿಂದಲೋ ಮರುಕದಿಂದಲೋ ಹೊರಗಿನಿಂದ ನೋಡಿದ ಮನೆಯನ್ನು ಒಳಗಿನಿಂದ ನೋಡಿದವರು. ಜಪಾನ್ 2004ರಿಂದ ಎರಡು ದಶಕಗಳ ಕಾಲ ತನ್ನ ಐದು ಸಾವಿರ ಯೆನ್ ನೋಟಿನ ಮೇಲೆ ಇಚಿಯೊ ಅವರ ಚಿತ್ರವನ್ನು ಮುದ್ರಿಸಿತು. ನೋಟಿನ ಮೇಲೆ ಚಿತ್ರ ಬಂದಮಾತ್ರಕ್ಕೆ ಸಾಹಿತ್ಯ ದೊಡ್ಡದಾಗುವುದಿಲ್ಲ, ನಿಜ. ಆದರೆ ಒಂದು ಸಮಾಜ ಯಾರನ್ನು ತನ್ನ ಲೇಖಕರೆಂದು ಎಣಿಸುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಇಂದಿರಾ ಅವರ ನಿಜವಾದ ಸಾಧನೆ 1976ರ 'ಫಣಿಯಮ್ಮ'. ಇದು ಕಲ್ಪಿತ ಕಥೆಯಲ್ಲ. ಅವರದೇ ಬಂಧುವರ್ಗದಲ್ಲಿ 1840ರಲ್ಲಿ ಹುಟ್ಟಿ, 1952ರಲ್ಲಿ ತೀರಿಕೊಂಡ, ನೂರಹನ್ನೆರಡು ವರ್ಷ ಬದುಕಿದ ವಿಧವೆಯೊಬ್ಬರ ಬಾಳು. ತಾಯಿಯ ಬಾಯಿಂದ ಕೇಳಿದ್ದನ್ನು ಮಗಳು ಬರೆದರು. ಎಳೆವಯಸ್ಸಿನಲ್ಲಿ ಮದುವೆ, ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಹಾವು ಕಚ್ಚಿ ಗಂಡನ ಸಾವು, ಋತುಮತಿಯಾದ ಮೇಲೆ ಕೇಶಮುಂಡನ. ಅಲ್ಲಿಂದಾಚೆಗೆ ಒಂದು ಶತಮಾನ ಕಾಲ ಪರರ ಮನೆಯ ಬಾಣಂತನ, ಮದುವೆಯ ಅಡುಗೆ, ಹಪ್ಪಳ ಸಂಡಿಗೆ. ವಿಧವಾ ಪುನರ್ವಿವಾಹಕ್ಕೆ ಅವಕಾಶ ಕೊಟ್ಟ ಕಾನೂನು 1856ರಲ್ಲಿ ಬಂದಾಗ ಫಣಿಯಮ್ಮನಿಗೆ ಹದಿನಾರು ವರ್ಷ. ಆ ಸುದ್ದಿ ತೀರ್ಥಹಳ್ಳಿ ಸೀಮೆಯ ಅಡುಗೆಮನೆಯನ್ನು ತಲುಪುವಂಥದ್ದಾಗಿರಲಿಲ್ಲ.

ಈ ಕಾದಂಬರಿಯಲ್ಲಿ ಆಕ್ರೋಶವಿಲ್ಲ, ಭಾಷಣವಿಲ್ಲ. ಫಣಿಯಮ್ಮ ಬಂಡೇಳುವುದಿಲ್ಲ. ಆದರೆ ಅಸ್ಪೃಶ್ಯ ಜಾತಿಯ ಹೆಣ್ಣೊಬ್ಬಳು ಹೆರಿಗೆಯ ಸಂಕಟದಲ್ಲಿರುವಾಗ ಮಡಿಯನ್ನು ಬದಿಗಿಟ್ಟು ನೆರವಿಗೆ ಹೋಗುತ್ತಾರೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಊರಿನ ಹಿರಿಯರ ಪರ ನಿಲ್ಲದೆ ಅವಳ ಪರ ನಿಲ್ಲುತ್ತಾರೆ. ತನಗೆ ಆದದ್ದು ಇನ್ನೊಬ್ಬಳಿಗೆ ಆಗುವುದು ಬೇಡ ಎಂಬುದಷ್ಟೇ ಅವರ ತರ್ಕ. ಆಚಾರದ ಒಳಗೇ ಬದುಕನ್ನೆಲ್ಲ ಕಳೆದ ಹೆಂಗಸು ಆಚಾರದ ಕ್ರೌರ್ಯವನ್ನು ಹೀಗೆ ಸದ್ದಿಲ್ಲದೆ ತಳ್ಳಿಹಾಕುವುದು ಯಾವ ಪ್ರತಿಭಟನೆಗಿಂತಲೂ ಕಡಿಮೆಯದೆಂದು ನನಗನ್ನಿಸುವುದಿಲ್ಲ.

ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಅದನ್ನು ಲೋಕದ ಮುಂದಿಟ್ಟದ್ದು 1976ರಲ್ಲಿ, 'ಫಣಿಯಮ್ಮ' ಪ್ರಕಟವಾದ ವರ್ಷವೇ. ಎರಡೂ ಇದೇ ಸೀಮೆಯ ಬ್ರಾಹ್ಮಣ ಸಮಾಜದ ಕಥೆಗಳು. ಪ್ರಾಣೇಶಾಚಾರ್ಯರಿಗೆ ಸಂಕಟ ಬಂದಾಗ ಅಗ್ರಹಾರ ಬಿಟ್ಟು ಹೊರಟು, ಕಾಡಿನಲ್ಲಿ, ಜಾತ್ರೆಯಲ್ಲಿ ಅಲೆಯುತ್ತ ತಮ್ಮನ್ನು ತಾವು ಕೇಳಿಕೊಳ್ಳುವ ಅವಕಾಶವಾದರೂ ಇತ್ತು. ಫಣಿಯಮ್ಮನಿಗೆ ಹೊರಡುವ ದಾರಿಯೇ ಇರಲಿಲ್ಲ. ಹೊರಡಲಾಗದವರ ಆತ್ಮಶೋಧನೆ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಇಷ್ಟು ನೇರವಾಗಿ ಎದುರಿಸಿದ ಕೃತಿಗಳು ಕಡಿಮೆ. ಒಂದನ್ನು ನಾವು ನವ್ಯದ ಶಿಖರವೆಂದೆವು, ಇನ್ನೊಂದನ್ನು ಮಹಿಳಾ ಸಾಹಿತ್ಯದ ಕಪಾಟಿನಲ್ಲಿಟ್ಟೆವು. ನನ್ನ ದೃಷ್ಟಿಯಲ್ಲಿ ಎರಡನ್ನೂ ಒಟ್ಟಿಗೆ ಓದದೆ ಆ ಸಮಾಜ ಪೂರ್ತಿ ಅರ್ಥವಾಗುವುದಿಲ್ಲ.

ಹೊರಗಿನವರು ಇದನ್ನು ಬೇಗ ಗುರುತಿಸಿದರು ಎನ್ನಬೇಕು. ಪ್ರೇಮಾ ಕಾರಂತರು 1983ರಲ್ಲಿ 'ಫಣಿಯಮ್ಮ'ನನ್ನು ತೆರೆಗೆ ತಂದರು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ 1989ರಲ್ಲಿ ಪ್ರಕಟವಾಯಿತು. ಸ್ತ್ರೀವಾದಿ ಅಧ್ಯಯನಗಳಲ್ಲಿ ಚರ್ಚೆಗೆ ಒಳಗಾಯಿತು.

ಇಂದಿರಾ ತೀರಿಕೊಂಡದ್ದು 1994ರ ಮಾರ್ಚ್‌ನಲ್ಲಿ. ಅದೇ ನವೆಂಬರ್‌ನಲ್ಲಿ ಕುವೆಂಪು ನಿಧನರಾದರು. ಹೀಗೆ ಒಂದೇ ವರ್ಷದಲ್ಲಿ ತೀರ್ಥಹಳ್ಳಿ ತನ್ನ ಇಬ್ಬರು ಕಾದಂಬರಿಕಾರರನ್ನು ಕಳೆದುಕೊಂಡಿತು. ಕುಪ್ಪಳಿ ಇಂದು ನಾಡಿನ ಯಾತ್ರಾಸ್ಥಳ. ಅದು ಹಾಗಾದದ್ದು ಸರಿಯೇ. ಶಿವಮೊಗ್ಗದಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ಮಂಡಗದ್ದೆ ಸಿಗುತ್ತದೆ. ತುಂಗೆಯ ನಡುಗಡ್ಡೆಗೆ ಬರುವ ಹಕ್ಕಿಗಳನ್ನು ನೋಡಲು ಪ್ರವಾಸಿಗಳು ಅಲ್ಲಿ ಇಳಿಯುತ್ತಾರೆ. ಆ ಊರಿನ ಹೆಸರನ್ನು ತನ್ನ ಹೆಸರಿನ ಮೊದಲ ಅಕ್ಷರವಾಗಿ ಹೊತ್ತ ಲೇಖಕಿಯ ನೆನಪು ಅವರಲ್ಲಿ ಎಷ್ಟು ಜನರಿಗಿದೆಯೋ ಕಾಣೆ.

ಸ್ಮಾರಕ ಕಟ್ಟಿ ಎಂದು ಕೇಳುವುದು ನನ್ನ ಉದ್ದೇಶವಲ್ಲ. ಸ್ನಾತಕೋತ್ತರ ತರಗತಿಯಲ್ಲಿ 'ಸಂಸ್ಕಾರ' ಪಾಠವಾಗುವ ಕಡೆಯಲ್ಲೆಲ್ಲ 'ಫಣಿಯಮ್ಮ'ನೂ ಪಾಠವಾಗಲಿ, ಅದೂ ಮಹಿಳಾ ಸಾಹಿತ್ಯವೆಂಬ ಪ್ರತ್ಯೇಕ ಪತ್ರಿಕೆಯಲ್ಲಲ್ಲ, ಕಾದಂಬರಿಯ ಪತ್ರಿಕೆಯಲ್ಲಿಯೇ. ಜಗಲಿಯಲ್ಲಿ ನಡೆದ ಚರ್ಚೆಯಷ್ಟೇ ಮಲೆನಾಡಿನ ಚರಿತ್ರೆಯಲ್ಲ. ಅದೇ ಹೊತ್ತಿಗೆ ಹಿತ್ತಲಿನಲ್ಲಿ, ಬಾಣಂತಿಯ ಕೋಣೆಯಲ್ಲಿ, ಒಲೆಯ ಮುಂದೆ ನಡೆದದ್ದೂ ಚರಿತ್ರೆಯೇ. ಅದನ್ನು ಕಂಡವರು, ಕೇಳಿದವರು ಬಹಳ ಮಂದಿ ಇದ್ದರು. ಬರೆದಿಟ್ಟವರು ಇಂದಿರಾ.