ಸ್ವಯಂಪಾಕದಿಂದ ಸಹಪಂಕ್ತಿಗೆ

ಸ್ವಯಂಪಾಕವೆಂಬ ಮಾತು ಕಡೂರು, ತರೀಕೆರೆ, ಅಜ್ಜಂಪುರಗಳ ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಹೊಸದಲ್ಲ. ವಾರಾನ್ನದ ಮನೆ ದೊರೆಯದ ದಿನ ಬಾಡಿಗೆಯ ಕೋಣೆಯಲ್ಲಿ ಮೂರು ಕಲ್ಲನ್ನಿಟ್ಟು ಅನ್ನ ಬೇಯಿಸಿಕೊಂಡವರು ಅನೇಕರು. ಆದರೆ ಆ ಮಾತಿಗೆ ಬೇರೊಂದು ಅರ್ಥವೂ ಉಂಟು. ಪರರು ಬೇಯಿಸಿದುದನ್ನು ಮುಟ್ಟೆನೆಂಬ ಮಡಿವಂತಿಕೆ ಅದು. ಬಡತನದ ಸ್ವಯಂಪಾಕ ಮನುಷ್ಯನನ್ನು ಸ್ವಾವಲಂಬಿಯಾಗಿಸುತ್ತದೆ. ಮಡಿಯ ಸ್ವಯಂಪಾಕ ಅವನನ್ನು ನೆರೆಯವರಿಂದ ಬೇರ್ಪಡಿಸುತ್ತದೆ. ಮೋಹನದಾಸ ಕರಮಚಂದ ಗಾಂಧಿಯವರನ್ನು ಮೊದಲು ಒಲೆಯ ಮುಂದೆ ನಿಲ್ಲಿಸಿದ್ದು ಮಿತವ್ಯಯ ಮತ್ತು ವ್ರತ. ಅಲ್ಲಿಂದ ಹೊರಟವರು ಸಾವಿರಾರು ಕೂಲಿಕಾರರಿಗೆ ಕೈಯಾರೆ ಬಡಿಸುವವರೆಗೆ ನಡೆದ ದಾರಿ ದಕ್ಷಿಣ ಆಫ್ರಿಕದ ಹಳ್ಳಿಗಾಡನ್ನು ಹಾದು ಹೋಗುತ್ತದೆ.

1869ರ ಅಕ್ಟೋಬರ್ 2ರಂದು ಪೋರಬಂದರಿನ ದಿವಾನರ ಮನೆತನದಲ್ಲಿ ಹುಟ್ಟಿದ ಬಾಲಕನಿಗೆ ಅಡಿಗೆಮನೆಯ ಚಿಂತೆ ಎಲ್ಲಿಂದ ಬರಬೇಕು? 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದಾಗ, ಮಾಂಸವನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ವಚನವೇ ಆತನ ಮೊದಲ ಪಾಕಗುರುವಾಯಿತು. ಉಪ್ಪುಖಾರವಿಲ್ಲದೆ ಬೇಯಿಸಿದ ತರಕಾರಿ ಗಂಟಲಿನಲ್ಲಿ ಇಳಿಯದು. ಮತ್ತೆ ಮತ್ತೆ ಬ್ರೆಡ್ಡು ಕೇಳಲು ಸಂಕೋಚ. ಕೆಲವು ಕಾಲ ಅರೆಹೊಟ್ಟೆಯಲ್ಲಿಯೇ ದಿನಗಳು ಕಳೆದವು. ಸಸ್ಯಾಹಾರಿಗಳ ಭೋಜನಶಾಲೆ ಕಣ್ಣಿಗೆ ಬಿದ್ದ ಮೇಲೆ ಹೊಟ್ಟೆಗೆ ನೆಮ್ಮದಿ ದೊರೆಯಿತು. ಮುಂದೆ ಖರ್ಚನ್ನು ತಗ್ಗಿಸಲು ಒಂದೇ ಕೋಣೆಯನ್ನು ಹಿಡಿದು, ಸಣ್ಣ ಒಲೆಯ ಮೇಲೆ ಬೆಳಗಿಗೆ ಓಟ್ಸಿನ ಗಂಜಿಯನ್ನೂ ಕೋಕೋವನ್ನೂ ತಾವೇ ಕಾಯಿಸಿಕೊಳ್ಳತೊಡಗಿದರು.

ಸ್ವದೇಶಕ್ಕೆ ಮರಳಿ ಮುಂಬಯಿಯಲ್ಲಿ ವಕೀಲಿಯನ್ನು ಆರಂಭಿಸಿದಾಗ ಸಿಕ್ಕಿದ ಅಡಿಗೆಯವನು ರವಿಶಂಕರನೆಂಬ ಬ್ರಾಹ್ಮಣ. ಅವನಿಗೆ ಸಂಧ್ಯಾವಂದನೆಯೂ ತಿಳಿಯದು, ಪಾಕಶಾಸ್ತ್ರವೂ ತಿಳಿಯದು. ಬ್ಯಾರಿಸ್ಟರರು ಅವನಿಗೆ ಅಡಿಗೆ ಕಲಿಸುತ್ತ ತಾವೂ ಅವನೊಡನೆ ಬೇಯಿಸಿದರು. ಮಡಿಯ ಗೆರೆ ಅಳಿಸಿದ್ದು ಆ ಒಲೆಯ ಬಳಿಯಲ್ಲಿ.

1893ರಲ್ಲಿ ಮೊಕದ್ದಮೆಯೊಂದರ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋದವರ ಬಾಳು ಅಲ್ಲಿಯೇ ಬೇರೂರಿತು. ಬಟ್ಟೆ ಒಗೆಯುವುದು, ಕಾಲರಿಗೆ ಗಂಜಿ ಹಾಕುವುದು, ತಮ್ಮ ತಲೆಗೂದಲನ್ನು ತಾವೇ ಕತ್ತರಿಸಿಕೊಳ್ಳುವುದು ಒಂದೊಂದಾಗಿ ಅಭ್ಯಾಸವಾದವು. ಆದರೆ ಸಮತೆಯ ಪಾಠ ಮನೆಯೊಳಗೆ ಸುಲಭವಾಗಿ ನಡೆಯಲಿಲ್ಲ. ಡರ್ಬನ್ನಿನ ಮನೆಯಲ್ಲಿ ವಾಸವಾಗಿದ್ದ, ಅಸ್ಪೃಶ್ಯ ಮೂಲದ ಕ್ರೈಸ್ತ ಗುಮಾಸ್ತನ ಮೂತ್ರಪಾತ್ರೆಯನ್ನು ಕಸ್ತೂರಬಾ ಕಣ್ಣೀರಿಡುತ್ತ ಹೊರಗೆ ಒಯ್ದರು. ನಗುನಗುತ್ತ ಒಯ್ಯಬೇಕೆಂದು ಹಟ ಹಿಡಿದ ಗಂಡ ಆಕೆಯನ್ನು ಬಾಗಿಲಿನವರೆಗೂ ಎಳೆದೊಯ್ದರು. ಆತ್ಮಕಥೆಯಲ್ಲಿ ಗಾಂಧಿಯವರು ಇದನ್ನು ನಾಚಿಕೆಯಿಂದ ದಾಖಲಿಸಿದ್ದಾರೆ. ಬಲಾತ್ಕಾರದಿಂದ ಬಡಿಸಿದ ಸಮತೆ ಯಾರಿಗೂ ಜೀರ್ಣವಾಗದೆಂಬುದನ್ನು ಅವರು ಕಲಿತದ್ದು ಪತ್ನಿಯ ಕಣ್ಣೀರಿನಿಂದ.

1904ರಲ್ಲಿ ರಸ್ಕಿನ್ನನ ಗ್ರಂಥವೊಂದನ್ನು ರೈಲಿನಲ್ಲಿ ಓದಿದ ಫಲವಾಗಿ, ಡರ್ಬನ್ನಿನಿಂದ 14 ಮೈಲಿ ದೂರದ ಫೀನಿಕ್ಸಿನಲ್ಲಿ ನೂರು ಎಕರೆ ನೆಲವನ್ನು ಕೊಂಡು ಒಕ್ಕಲಾಗಿ ನಿಲ್ಲುವ ಪ್ರಯೋಗ ಮೊದಲಾಯಿತು. ಜೊಹಾನ್ಸ್‌ಬರ್ಗಿನ ಮನೆಗೂ ಏಳು ಪೌಂಡು ಬೆಲೆಯ ಕೈಬೀಸಣಿಗೆಯ ಯಂತ್ರ ಬಂತು. ಮಕ್ಕಳೂ ತಂದೆಯೂ ಗೋಧಿ ಬೀಸಿದರು. ಆ ಹಿಟ್ಟಿನಿಂದ ಮನೆಯಲ್ಲಿಯೇ ರೊಟ್ಟಿಯಾಯಿತು.

ಅನಂತರದ ಪಾಕಶಾಲೆ ಸೆರೆಮನೆ. 1908ರ ಜನವರಿಯಲ್ಲಿ ಜೊಹಾನ್ಸ್‌ಬರ್ಗಿನ ಜೈಲಿನಲ್ಲಿ ಸತ್ಯಾಗ್ರಹಿಗಳಿಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿ ಕೊಟ್ಟರು. ರಾಗಿಮುದ್ದೆ ನುಂಗಿ ಬೆಳೆದ ಕಡೂರಿನ ಬಯಲುಸೀಮೆಯವನಾಗಿದ್ದರೆ ಅದಕ್ಕೆ ಬೇಗ ಹೊಂದಿಕೊಳ್ಳುತ್ತಿದ್ದನೋ ಏನೋ! ಅಲ್ಲಿದ್ದ ಭಾರತೀಯರಲ್ಲಿ ಬಹುಮಂದಿಗೆ ಅದು ರುಚಿಸಲಿಲ್ಲ. ಅದೇ ವರ್ಷ ವೋಕ್ಸ್‌ರಸ್ಟಿನ ಜೈಲಿನಲ್ಲಿ ಅಡಿಗೆಯ ಹೊಣೆ ಗಾಂಧಿಯವರ ಮೇಲೆ ಬಿತ್ತು. ಪಾಲಿನ ಜಗಳ ಬಂದಾಗ ಎಲ್ಲರೂ ಒಪ್ಪುವ ತೀರ್ಪುಗಾರರು ಅವರೊಬ್ಬರೇ. ಸಕ್ಕರೆಯಿಲ್ಲದೆ ಅವರು ಮಾಡಿದ ಅರೆಬೆಂದ ಗಂಜಿಯನ್ನು ಸಂಗಡಿಗರು ಪ್ರೀತಿಯಿಂದ ಸದ್ದಿಲ್ಲದೆ ಕುಡಿದರು. ಕೈಯಲ್ಲಿ ರುಚಿಯಿಲ್ಲದಿದ್ದರೂ ಸೌಟಿನಲ್ಲಿ ಪಕ್ಷಪಾತವಿರಲಿಲ್ಲ.

ಈ ಎಲ್ಲ ಅಭ್ಯಾಸಗಳೂ ಒಂದುಗೂಡಿದ್ದು ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ. ಜೈಲು ಸೇರಿದ ಸತ್ಯಾಗ್ರಹಿಗಳ ಕುಟುಂಬಗಳನ್ನು ಸಾಕುವುದು ಹೇಗೆಂಬ ಪ್ರಶ್ನೆ ಎದುರಾದಾಗ, ವಾಸ್ತುಶಿಲ್ಪಿಯಾಗಿದ್ದ ಮಿತ್ರ ಹರ್ಮನ್ ಕಲೆನ್‌ಬಾಕ್ 1910ರ ಮೇ 30ರಂದು ತಮ್ಮ 1,100 ಎಕರೆ ಭೂಮಿಯನ್ನು ಬಾಡಿಗೆಯಿಲ್ಲದೆ ಒಪ್ಪಿಸಿದರು. ಸುಮಾರು ಒಂದು ಸಾವಿರ ಹಣ್ಣಿನ ಗಿಡ, ಎರಡು ಬಾವಿ, ಒಂದು ಒರತೆ, ಗುಡ್ಡದ ಬುಡದಲ್ಲಿ ಒಂದು ಚಿಕ್ಕ ಮನೆ. ಅಲ್ಲಿದ್ದ ಐಶ್ವರ್ಯವೆಲ್ಲ ಇಷ್ಟೇ. ಆಳುಗಳಿಲ್ಲ. ಐನೂರು ಗಜ ದೂರದ ಒರತೆಯಿಂದ ಕಾವಡಿಯಲ್ಲಿ ನೀರು ಬರಬೇಕು. 21 ಮೈಲಿ ದೂರದ ಜೊಹಾನ್ಸ್‌ಬರ್ಗಿಗೆ ಸ್ವಂತ ಕೆಲಸಕ್ಕೆ ಹೋಗುವವರು ಕಾಲ್ನಡಿಗೆಯಲ್ಲಿಯೇ ಹೋಗಬೇಕು. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಬೇಕು.

ಅಲ್ಲಿ ಅಡಿಗೆಮನೆ ಒಂದೇ. ಉಣ್ಣುವ ಸಾಲೂ ಒಂದೇ. ಬೆಳಗ್ಗೆ ಆರಕ್ಕೆ ರೊಟ್ಟಿಯೊಡನೆ ಹುರಿದ ಗೋಧಿಯ ಕಾಫಿ. ಹನ್ನೊಂದಕ್ಕೆ ಅನ್ನ, ಬೇಳೆ, ತರಕಾರಿ. ಸಂಜೆ ಐದೂವರೆಗೆ ಗೋಧಿಯ ಗಂಜಿ ಮತ್ತು ಹಾಲು. ಕಿತ್ತಳೆಯ ಮುರಬ್ಬ, ಕಡಲೆಕಾಯಿಯ ಬೆಣ್ಣೆ ಅಲ್ಲಿಯೇ ಸಿದ್ಧವಾದವು. ಮರದ ಚಮಚಗಳನ್ನು ಕೆತ್ತಿದವರೂ ಅಲ್ಲಿಯವರೇ. ಊಟವಾದ ಮೇಲೆ ಅವರವರ ತಟ್ಟೆಯನ್ನು ಅವರವರೇ ತೊಳೆಯಬೇಕು. ಮಾಂಸ ಬೇಕೆನ್ನುವ ಮುಸಲ್ಮಾನರಿಗೂ ಕ್ರೈಸ್ತರಿಗೂ ಅದನ್ನು ಒದಗಿಸಲು ಗಾಂಧಿಯವರು ಸಿದ್ಧರಿದ್ದರು. ಅವರು ತಾವಾಗಿಯೇ ಸಸ್ಯಾಹಾರಕ್ಕೆ ಒಪ್ಪಿದರು. ರಂಜಾನ್ ತಿಂಗಳಲ್ಲಿ ಮುಸಲ್ಮಾನ ಹುಡುಗರೊಡನೆ ಇತರರೂ ಒಪ್ಪೊತ್ತು ಹಿಡಿದರು. ತಾವು ಸೂರ್ಯಾಸ್ತಕ್ಕೆ ಮುನ್ನವೇ ಉಂಡು, ಉಪವಾಸವಿದ್ದವರಿಗೆ ವಿಶೇಷ ಅಡಿಗೆ ಮಾಡಿ ಬಡಿಸಿದರು. ತನ್ನ ವ್ರತ ಕೆಡದಿರಲೆಂದು ಬೇಯಿಸಿಕೊಂಡ ವಿದ್ಯಾರ್ಥಿಯ ನೆರಳಿನಲ್ಲಿ ಈಗ ಪರರ ವ್ರತ ಕೆಡದಿರಲೆಂದು ಬೇಯಿಸುವ ಮಕ್ಕಳು ಬೆಳೆದರು.

1913ರಲ್ಲಿ ಇದರ ಪರೀಕ್ಷೆ ಬಂದಿತು. ತಲೆಗಂದಾಯವನ್ನು ವಿರೋಧಿಸಿ ಕಲ್ಲಿದ್ದಲಿನ ಗಣಿಗಳನ್ನು ತೊರೆದು ಬಂದ ಕೂಲಿಕಾರರಿಗೆ ಚಾರ್ಲ್ಸ್‌ಟೌನಿನಲ್ಲಿ ಅನ್ನ ಬೇಳೆ ಬೇಯಬೇಕಾಗಿತ್ತು. ಒಂದು ದಿನ ಬೇಳೆ ನೀರಾಯಿತು. ಮತ್ತೊಂದು ದಿನ ಅಕ್ಕಿ ಬೇಯಲಿಲ್ಲ. ಬಡಿಸುವವರು ಗಾಂಧಿಯವರೇ ಆದುದರಿಂದ ಜನ ನಗುತ್ತ ಉಂಡರು. ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಟ್ರಾನ್ಸ್‌ವಾಲಿನತ್ತ ಹೆಜ್ಜೆಯಿಟ್ಟರು. ತಲೆಗೆ ಒಂದೂವರೆ ಪೌಂಡು ಬ್ರೆಡ್ಡು, ಒಂದು ಔನ್ಸು ಸಕ್ಕರೆ ಅವರ ದಿನದ ಪಡಿ. ಮರುವರ್ಷ ಆ ತಲೆಗಂದಾಯ ರದ್ದಾಯಿತು.

ಈ ಪಂಕ್ತಿಗೂ ಮಿತಿಯಿತ್ತೆಂಬುದನ್ನು ಮರೆಯಲಾಗದು. ಅದು ಭಾರತೀಯರದು, ಅವರ ಕೆಲವು ಯೂರೋಪಿಯನ್ ಮಿತ್ರರದು. ಆ ನೆಲದ ಮಕ್ಕಳಾದ ಆಫ್ರಿಕನರು ಅದರ ಹೊರಗೇ ಉಳಿದರು. ಆದರೂ ಒಲೆಯಿಂದ ಕಲಿತುದನ್ನು ಗಾಂಧಿಯವರು ಬಿಡಲಿಲ್ಲ. 1914ರಲ್ಲಿ ಆಫ್ರಿಕವನ್ನು ತೊರೆದು, ಮುಂದೆ ಭಾರತದಲ್ಲಿ ಕಟ್ಟಿದ ಆಶ್ರಮಗಳಲ್ಲಿಯೂ ಒಂದೇ ಅಡಿಗೆಮನೆಯ ಆದರ್ಶವನ್ನು ಪಾಲಿಸಿದರು. 1927ರ ಆಗಸ್ಟಿನಲ್ಲಿ ಅವರು ಶಿವಮೊಗ್ಗ, ಭದ್ರಾವತಿಗಳಲ್ಲಿ ಸಂಚರಿಸಿದಾಗ ನಮ್ಮ ನಾಡಿನ ಊರುಗಳಲ್ಲಿ ಜಾತಿಗೊಂದು ಪಂಕ್ತಿ ನಡೆದಿತ್ತು. 1948ರ ಜನವರಿ 30ರಂದು ಅವರು ಗತಿಸಿದರು. ಅವರ ಪ್ರತಿಮೆಗಳು ಇಂದು ಊರೂರಿಗೂ ಬಂದಿವೆ. ಒಂದೇ ಸಾಲಿನ ಊಟ ಎಷ್ಟು ಊರುಗಳಿಗೆ ಬಂದಿದೆಯೆಂಬುದನ್ನು ನಾವು ನಮ್ಮ ನಮ್ಮ ಮನೆಯ ಸಮಾರಂಭಗಳಲ್ಲಿಯೇ ಎಣಿಸಿ ನೋಡಬೇಕು.