ಬೆರ್ತ್ ಮೊರಿಸೊ ಮತ್ತು ಬಂದರದ ಚಿತ್ರ

ಕಾರವಾರದಿಂದ ಅಂಕೋಲೆಗೆ ಹೋಗುವ ಮಾರ್ಗದಲ್ಲಿ, ಅಮದಳ್ಳಿಯ ಆಸುಪಾಸಿನಲ್ಲಿ ಸಂಧ್ಯಾಕಾಲದ ಕಡಲನ್ನು ನೋಡಿದವರಿಗೆ ನೀರಿನ ಬಣ್ಣವು ಕ್ಷಣಕ್ಕೊಂದು ಬಗೆಯಾಗುವುದೆಂದು ಹೇಳಬೇಕಾದುದಿಲ್ಲ. ಈ ನಿಲ್ಲದ ಬೆಳಕನ್ನೇ ತೈಲವರ್ಣದಲ್ಲಿ ಹಿಡಿಯಲೆತ್ನಿಸಿದ ಫ್ರಾನ್ಸ್ ದೇಶದ ಇಂಪ್ರೆಷನಿಸ್ಟ್ ಚಿತ್ರಕಾರರಲ್ಲಿ ಬೆರ್ತ್ ಮೊರಿಸೊ ಎಂಬ ಸ್ತ್ರೀಯೂ ಒಬ್ಬಳು.

ಈಕೆಯು 1841ನೆಯ ಇಸವಿ ಜನವರಿ 14ರಂದು ಬೂರ್ಜ್ ಪಟ್ಟಣದಲ್ಲಿ ಜನಿಸಿದಳು. ಆ ಕಾಲದಲ್ಲಿ ಪ್ಯಾರಿಸಿನ ಸರಕಾರೀ ಕಲಾಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದಿತು. ಅದು ತೆರೆದದ್ದು 1897ರಲ್ಲಿ. ಆದುದರಿಂದ ತಂದೆತಾಯಿಗಳು ಬೆರ್ತಳಿಗೂ ಅವಳ ಅಕ್ಕ ಎಡ್ಮಾಳಿಗೂ ಖಾಸಗಿ ಶಿಕ್ಷಕರನ್ನು ಗೊತ್ತುಮಾಡಿದರು. ಇವರು ವಿನೋದಕ್ಕಾಗಿಯಲ್ಲ, ನಿಜವಾದ ಚಿತ್ರಕಾರರೇ ಆಗಿಬಿಡುವರೆಂದು ಗುರುಗಳಾದ ಗಿಶಾರರು ತಾಯಿಯನ್ನು ಎಚ್ಚರಿಸಿದರಂತೆ. ತಾಯಿಯು ಹೆದರಲಿಲ್ಲ. ಬಳಿಕ ಪ್ರಸಿದ್ಧನಾದ ಕೊರೊ ಇವರಿಗೆ ಬಯಲಿನಲ್ಲಿ ಕುಳಿತು ಚಿತ್ರ ಬರೆಯುವುದನ್ನು ಕಲಿಸಿದನು. 1864ರಲ್ಲಿ ಸಹೋದರಿಯರಿಬ್ಬರ ಚಿತ್ರಗಳೂ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಸ್ವೀಕೃತವಾದವು.

1869ರಲ್ಲಿ ಎಡ್ಮಾ ಒಬ್ಬ ನೌಕಾಧಿಕಾರಿಯನ್ನು ಮದುವೆಯಾಗಿ, ಲೋರಿಯಾಂ ಎಂಬ ಬಂದರಕ್ಕೆ ಹೋದಳು. ಅಲ್ಲಿಗೆ ಅವಳ ಕುಂಚವು ಬಹುಮಟ್ಟಿಗೆ ನಿಂತುಹೋಯಿತು. ಹಿಂದೂದೇಶಕ್ಕೆ ಹಡಗು ಕಳುಹಿಸುತ್ತಿದ್ದ ಫ್ರೆಂಚ್ ಕಂಪನಿಗಾಗಿ 1666ರಲ್ಲಿ ಹುಟ್ಟಿದ ಆ ಊರಿನ ಹೆಸರಿಗೆ ಪೂರ್ವದೇಶವೆಂದೇ ಅರ್ಥ. ಆ ಬೇಸಿಗೆಯಲ್ಲಿ ಅಕ್ಕನನ್ನು ನೋಡಹೋದ ಬೆರ್ತಳು ಬಂದರದ ಚಿತ್ರವೊಂದನ್ನು ಬರೆದಳು. ಅದು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಮಧ್ಯದಲ್ಲಿ ವಿಶಾಲವಾದ ನೀರು, ದೂರದಲ್ಲಿ ಹಡಗುಗಳು, ಬಲಗಡೆ ಕಲ್ಲುಕಟ್ಟೆಯ ಮೇಲೆ ಬಿಳಿಯುಡುಪಿನಲ್ಲಿ ಕೊಡೆ ಹಿಡಿದು ಕುಳಿತ ಎಡ್ಮಾ. ಸಮೀಪದಿಂದ ನೋಡಿದರೆ ಬರಿಯ ಬಣ್ಣದ ಗೀಟುಗಳು. ತುಸು ಹಿಂದೆ ಸರಿದರೆ ನೀರು ಮಿನುಗುತ್ತದೆ. ಮುಖವನ್ನಂತೂ ನಾಲ್ಕಾರು ಗೀಟುಗಳಲ್ಲಿ ಸೂಚಿಸಿದ್ದಾಳೆ. ಆದರೂ ನಿನ್ನೆಯವರೆಗೆ ತಾನೇ ಬರೆಯುತ್ತಿದ್ದವಳು ಇಂದು ಸುಮ್ಮನೆ ಕುಳಿತು ಬರೆಯಿಸಿಕೊಳ್ಳುತ್ತಿರುವಳೆಂಬುದನ್ನು ಬಲ್ಲವರಿಗೆ, ಆ ಪ್ರಶಾಂತವಾದ ಬೆಳಕಿನಲ್ಲಿಯೂ ಏನೋ ಒಂದು ವ್ಯಥೆಯು ಕಾಣದಿರದು.

ಬೆರ್ತಳು ಕುಂಚವನ್ನು ಬಿಡಲಿಲ್ಲ. 1874ರಲ್ಲಿ ನಡೆದ ಮೊದಲನೆಯ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಮೋನೆ, ರೆನ್ವಾರ್ ಮೊದಲಾದವರ ಸಂಗಡ ಆಕೆಯ ಚಿತ್ರಗಳೂ ಇದ್ದವು. ಟೀಕಾಕಾರರು ಹುಚ್ಚರ ಗುಂಪೆಂದು ಹಾಸ್ಯಮಾಡಿದರೂ, ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಆಕೆ ಪಾಲ್ಗೊಂಡಳು. ತಪ್ಪಿದ್ದು 1879ರದು ಮಾತ್ರ. ಅದರ ಹಿಂದಿನ ವರ್ಷ ಮಗಳು ಜೂಲಿ ಹುಟ್ಟಿದ್ದಳು. ಪತಿಯಾದ ಎಜೆನ್ ಮಾನೆಯು ಆಕೆಯ ಕೆಲಸಕ್ಕೆ ಅಡ್ಡಬಾರದೆ ನೆರವಾದನು.

1895ರಲ್ಲಿ ಅಸ್ವಸ್ಥಳಾಗಿದ್ದ ಮಗಳ ಶುಶ್ರೂಷೆ ಮಾಡುತ್ತ ತಾನೇ ರೋಗಪೀಡಿತಳಾಗಿ, ಮಾರ್ಚ್ 2ರಂದು 54ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಆಕೆಗೆ ಉದ್ಯೋಗವಿಲ್ಲವೆಂದು ದಾಖಲಾಯಿತು!

ಅಮದಳ್ಳಿಯ ಸೀಮೆಯಲ್ಲಿಯೂ ಈಗ ನೌಕಾಪಡೆಯವರ ಮನೆಗಳಿವೆ. ಅಲ್ಲಿಯೂ ಕಡಲನ್ನು ನೋಡುತ್ತ ಕುಳಿತ ಎಡ್ಮಾಗಳಿರಬಹುದು. ಪ್ರಿಯ ಭಗಿನಿಯರೇ, ಶಾಲೆಯಲ್ಲಿ ಕಲಿತ ಹಾಡನ್ನೋ ಹೊಲಿಗೆಯನ್ನೋ ಚಿತ್ರವನ್ನೋ ಮದುವೆಯ ದಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ! ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಬಾರದೆಂಬುದು ಗಂಡುಮಕ್ಕಳಿಗೆ ಮಾತ್ರ ಹೇಳಿದ ಮಾತಲ್ಲ. ಹೆಣ್ಣುಮಕ್ಕಳ ತಂದೆತಾಯಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ.